ಒಂದೊಂದಕ್ಕೂ ಅದರದ್ದೇ ಹದ: ಆರ್ಟ್ ಸ್ಕೂಲಿನ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ವರ್ಷದ ಕೊನೆಯ ಪೋರ್ಟ್‌ಫೋಲಿಯೊಗೆಂದು ನೀನು ಬರೆದ ಟಿಪ್ಪಣಿಗಳನ್ನೂ, ಜೊತೆಗೆ ಎಲ್ಲೆಲ್ಲಿ ಕೆಟ್ಟಿತು ಅಂತ ಹೇಳಿಕೊಂಡು ಪ್ರಶ್ನೆ ಕೇಳಿದ ನಿನ್ನ ಪತ್ರವನ್ನೂ ಓದಿದೆ. ಜಲವರ್ಣ, ಲೈನೋಕಟ್ (ಲೈನೋ ಹಾಳೆ ಕೆತ್ತಿ, ಇಂಕು ಹಚ್ಚಿ ಒತ್ತಿದ ಚಿತ್ರ), ಮಣ್ಣಿನ ತಲೆ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಉಬ್ಬುಶಿಲ್ಪ, ಕೊಲಾಜ್ (ಕಾಗದದ ತುಂಡು ಅಂಟಿಸಿದ ಚಿತ್ರ). ಕೆಲಸ ಐದು, ಟಿಪ್ಪಣಿ ಮಾತ್ರ ಒಂದೇ: ‘ಈ ಮಾಧ್ಯಮದಲ್ಲಿ ಬಹಳಷ್ಟು ಕಲಿತೆ, ಖುಷಿಯಾಯಿತು.’ ಏನು ಕಲಿತೆ ಮಾರಾಯ? ಪರೀಕ್ಷಕರು ಕೇಳುವುದೂ ಅದನ್ನೇ. ನಿನ್ನ ಫೋಟೊಗಳು ನಿನಗಿಂತ ಪ್ರಾಮಾಣಿಕವಾಗಿವೆ. ಆಕಾಶದಲ್ಲಿ ಹೂಕೋಸು, ಕಿವಿಯ ಹಿಂದೆ ಬಿರುಕು, ಹಪ್ಪಳದ ಹಾಗೆ ಬಾಗಿದ ಕೊಲಾಜ್, ಎಲ್ಲವೂ ಅಲ್ಲಿ ಕಾಣುತ್ತಿದೆ. ಟಿಪ್ಪಣಿಯಲ್ಲಿ ಬರಬೇಕಾದದ್ದು ಅದು: ಎಲ್ಲಿ ಕೆಟ್ಟಿತು, ಯಾವ ಗಳಿಗೆಯಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು.

‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಅನ್ನುವ ಗಾದೆ ಹೊಲಕ್ಕಷ್ಟೇ ಅಲ್ಲ, ಸ್ಟುಡಿಯೊಗೂ ಸಲ್ಲುತ್ತದೆ. ನಿನ್ನ ಐದೂ ಕೆಲಸಗಳ ತಪ್ಪುಗಳನ್ನು ಸಾಲಾಗಿ ಇಟ್ಟು ನೋಡು. ಕೈ ಬರದೆ ಆದದ್ದು ಕಡಿಮೆ, ಹದ ತಪ್ಪಿ ಆದದ್ದೇ ಹೆಚ್ಚು. ಜಲವರ್ಣಕ್ಕೆ ನಿಮಿಷಗಳ ಲೆಕ್ಕ, ಮಣ್ಣಿಗೆ ವಾರಗಳ ಲೆಕ್ಕ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದಲ್ಲೆಲ್ಲ ಕೆಲಸ ಕೈಕೊಟ್ಟಿದೆ.

ಮೊದಲು ಜಲವರ್ಣ. ಆಕಾಶದಲ್ಲಿ ಮೂಡಿದ ಆ ಹೂಕೋಸಿನಂಥ ಅಂಚಿಗೆ ‘ಬಣ್ಣ ಹರಡಿತು’ ಅಂತ ಬರೆದಿದ್ದೀಯ. ಹರಡಿದ್ದಲ್ಲ, ತಳ್ಳಿಸಿಕೊಂಡದ್ದು. ಅರೆ ಒಣಗಿದ ವಾಶ್ (ನೀರು ಬೆರೆಸಿ ಎಳೆದ ತೆಳು ಬಣ್ಣದ ಪದರ) ಮೇಲೆ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿದರೆ, ಹೊಸ ನೀರು ಒಣಗುತ್ತಿರುವ ಕಡೆಗೆ ನುಗ್ಗುತ್ತದೆ. ಹೋಗುವಾಗ ದಾರಿಯಲ್ಲಿದ್ದ ಬಣ್ಣದ ಕಣಗಳನ್ನೆಲ್ಲ ಗುಡಿಸಿಕೊಂಡು ಹೋಗಿ ಅಂಚಿನಲ್ಲಿ ರಾಶಿ ಹಾಕುತ್ತದೆ. ಇದು ಆಗಬಾರದೆಂದರೆ ಕಾಗದವನ್ನು ಮೇಲಿನಿಂದ ನೋಡಬೇಡ, ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ಇಳಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಇನ್ನೂ ಬಣ್ಣ ಬಿಡಬಹುದು. ಹೊಳಪು ಹೋಗಿದೆ, ಆದರೆ ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿದೆ ಅಂದರೆ ಅದು ಮುಟ್ಟಬಾರದ ಹೊತ್ತು. ತಣ್ಣಗಿಲ್ಲ ಅಂದರೆ ಒಣಗಿದೆ, ಮೇಲೆ ಇನ್ನೊಂದು ಪದರ ಎಳೆಯಬಹುದು. ಹೂಕೋಸು ಅರಳುವುದು ನಡುವಿನ ಆ ಮಂಕು ಹೊತ್ತಿನಲ್ಲೇ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಆ ಹೊತ್ತು ಕಣ್ಣು ಮಿಟುಕಿಸುವುದರಲ್ಲಿ ಕಳೆದುಹೋಗುತ್ತದೆ, ಜುಲೈ ತಿಂಗಳ ಮಡಿಕೇರಿಯಲ್ಲಿ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ‘ಐದು ನಿಮಿಷ ಬಿಟ್ಟು ಎರಡನೇ ವಾಶ್’ ಎಂಬ ಸೂಚನೆಗಳನ್ನು ನಂಬಬೇಡ ಅನ್ನುವುದು ಇದಕ್ಕೇ.

ಕಾಗದ ಯಾವುದು ಅಂತಲೂ ನೀನು ಬರೆದಿಲ್ಲ. ಫೋಟೊದಲ್ಲಿ ಅಲೆ ಎದ್ದಿರುವುದನ್ನು ನೋಡಿದರೆ 200 ಜಿಎಸ್‌ಎಂ ಒಳಗಿನದ್ದು (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ), ಬಿಗಿ ಮಾಡದೆ ಹಾಗೇ ಬಳಸಿದ್ದೀಯ. ತೆಳು ಕಾಗದವನ್ನು ಮೂರು ನಾಲ್ಕು ನಿಮಿಷ ನೀರಲ್ಲಿ ನೆನೆಸಿ, ನೀರು ಸೋರಿಸಿ, ಮರದ ಬೋರ್ಡಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ನೀರು ಹಚ್ಚಿ ಅಂಟಿಸುವ ಬ್ರೌನ್ ಪೇಪರ್ ಟೇಪ್ ಹಾಕಬೇಕು. ಪ್ಲಾಸ್ಟಿಕ್ ಟೇಪ್ ಒದ್ದೆ ಕಾಗದಕ್ಕೆ ಹಿಡಿಯುವುದೇ ಇಲ್ಲ. ಬೋರ್ಡನ್ನು ಗೋಡೆಗೆ ಒರಗಿಸದೆ ಮಲಗಿಸಿ, ರಾತ್ರಿಯಿಡೀ ಒಣಗಲು ಬಿಡು. ನಿಲ್ಲಿಸಿದರೆ ನೀರು ಕೆಳಗಿಳಿದು ಮೇಲ್ತುದಿ ಮೊದಲು ಒಣಗಿ ಎಳೆಯುತ್ತದೆ, ಟೇಪು ಕಿತ್ತು ಬರುತ್ತದೆ. ಒಣಗಿದಾಗ ತಮಟೆಯ ಹಾಗೆ ಬಿಗಿಯಾಗಿರುತ್ತದೆ. 300 ಜಿಎಸ್‌ಎಂ ಹತ್ತಿ ಕಾಗದವಾದರೆ ಸಣ್ಣ ಅಳತೆಗೆ ಇಷ್ಟೆಲ್ಲ ಬೇಕಿಲ್ಲ. ಇನ್ನು ವಾಶ್ ಎಳೆಯುವಾಗ ಬೋರ್ಡಿನ ತಲೆಯ ಕಡೆ ಎರಡು ಪುಸ್ತಕದಷ್ಟು ಎತ್ತರ ಕೊಟ್ಟು, ಕೆಳ ಅಂಚಿನಲ್ಲಿ ನಿಂತ ಬಣ್ಣದ ಹನಿಸಾಲನ್ನು ಕುಂಚದ ಜೊತೆ ಇಳಿಸುತ್ತಾ ಬರಬೇಕು. ಬಣ್ಣ ನಡುವೆ ಖಾಲಿಯಾಗಿ ಮತ್ತೆ ಕಲಸಲು ಹೋದರೆ ಕಥೆ ಮುಗಿಯಿತು. ಬೇಕು ಅನ್ನಿಸಿದ್ದಕ್ಕಿಂತ ಎರಡು ಪಟ್ಟು ಕಲಸಿಡು, ಒಣಗಿದಾಗ ತಿಳಿಯಾಗುವುದರಿಂದ ಸ್ವಲ್ಪ ಗಾಢವಾಗಿಯೇ ಕಲಸು.

ಬಿಳಿ ಅಂದರೆ ಇಲ್ಲಿ ಕಾಗದ. ಅದನ್ನು ಮೊದಲೇ ಬಿಟ್ಟುಕೊಳ್ಳಬೇಕು, ಆಮೇಲೆ ತರಲಾಗದು. ಒದ್ದೆ ಕುಂಚದಿಂದ ಬಣ್ಣ ಎತ್ತಿ ಬಿಳಿ ತರುತ್ತೇನೆ ಅನ್ನುವವರು ಬಣ್ಣದ ಜಾತಿ ನೋಡಬೇಕು. ಅಲ್ಟ್ರಾಮರೀನ್ ನೀಲಿ ಕಣಕಣವಾಗಿ ಮೇಲೆ ಕೂರುತ್ತದೆ, ಎತ್ತಿದರೆ ಸುಮಾರಾಗಿ ಬರುತ್ತದೆ. ಥ್ಯಾಲೊ ಬ್ಲೂ ಅನ್ನುವ ಇನ್ನೊಂದು ನೀಲಿ ಕಾಗದದ ನಾರಿಗೇ ಇಳಿದುಬಿಡುತ್ತದೆ, ಉಜ್ಜಿದರೆ ಕಾಗದ ಹರಿದೀತು, ಬಣ್ಣ ಹೋಗದು.

ಲೈನೋದಲ್ಲೂ ಬಿಳಿಯ ಲೆಕ್ಕವೇ, ಆದರೆ ತಿರುಗುಮುರುಗು. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಬಂಗಾಳದ ಚಿತ್ರಕಾರ ನಂದಲಾಲ್ ಬೋಸ್ 1930ರಲ್ಲಿ ದಂಡಿಯಾತ್ರೆಯ ಗಾಂಧಿಯನ್ನು ಲೈನೋದಲ್ಲಿ ಮಾಡಿದ್ದನ್ನು ತೆಗೆದು ನೋಡು. ಕೋಲು ಹಿಡಿದು ನಡೆಯುವ ಆ ಆಕೃತಿ ಇಡೀ ಕಪ್ಪಿನೊಳಗಿಂದ ಬಿಳಿ ಗೆರೆಗಳಲ್ಲೇ ಎದ್ದು ಬಂದಿದೆ. ಕೆತ್ತನೆ ಬಹಳ ಕಡಿಮೆ, ಕೆತ್ತದೆ ಬಿಟ್ಟದ್ದೇ ಹೆಚ್ಚು. ನಿನ್ನದರಲ್ಲಿ ಪೆನ್ಸಿಲ್ ಚಿತ್ರದ ಪ್ರತಿ ಗೆರೆಯನ್ನೂ ಉಳಿಸಿಕೊಳ್ಳಲು ಹೋಗಿ ಸುತ್ತಲಿನದ್ದನ್ನೆಲ್ಲ ಅಗೆದಿದ್ದೀಯ. ಅದಕ್ಕೇ ಗೆರೆಗಳು ಮುರಿದಿವೆ. ಉಳಿಸಬೇಕಾದ ಗೆರೆಯ ಬುಡ ಅಗಲವಾಗಿರಬೇಕು, ನಮ್ಮ ಗದ್ದೆಯ ಬದುವಿನ ಹಾಗೆ. ವಿ ಆಕಾರದ ಉಳಿಯ ಮೊನೆ ಗೆರೆಯ ಅಡಿಗೆ ನುಗ್ಗುವಂತೆ ಹಿಡಿದರೆ ಬುಡ ಕೊರೆದುಹೋಗಿ ರೋಲರ್ ಒತ್ತಿದ ಕೂಡಲೇ ಕುಸಿಯುತ್ತದೆ, ಮೊನೆ ಗೆರೆಯಿಂದ ಹೊರಕ್ಕೆ ಇಳಿಯುವಂತೆ ಹಿಡಿದರೆ ನಿಲ್ಲುತ್ತದೆ.

ಹಾಳೆ ಪುಡಿಪುಡಿಯಾಗಿ ಕಿತ್ತು ಬಂತು ಅಂದಿದ್ದೀಯಲ್ಲ, ಅದು ಹಳೇ ಸರಕು. ಲೈನೋ ಅಂದರೆ ಗಟ್ಟಿಯಾದ ಅಗಸೆ ಎಣ್ಣೆ, ಬೆಂಡಿನ ಪುಡಿ, ಅಂಟು ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ್ದು. ಎಣ್ಣೆ ಗಾಳಿಗೆ ಗಟ್ಟಿಯಾಗುತ್ತಲೇ ಹೋಗುತ್ತದೆ, ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದರೆ ರಸ್ಕಿನಂತಾಗುತ್ತದೆ. ಕೊಳ್ಳುವಾಗ ಮೂಲೆಯನ್ನು ಮೆಲ್ಲಗೆ ಬಾಗಿಸಿ ನೋಡು, ಬಿರುಕು ಬಿಟ್ಟರೆ ಬೇಡ. ಕೆತ್ತುವ ಮುಂಚೆ ಹತ್ತು ನಿಮಿಷ ಬಿಸಿಲಲ್ಲಿಡು, ಬೆಣ್ಣೆಯಂತೆ ಕೆತ್ತಬಹುದು. ಉಳಿಯ ಮುಂದೆ ಎಂದೂ ಎಡಗೈ ಇರಬಾರದು. ಲೈನೋ ಹಾಳೆಯನ್ನು ತಿರುಗಿಸು, ಉಳಿಯನ್ನಲ್ಲ.

ಇಂಕಿನ ಹದವನ್ನು ಕಿವಿಯಿಂದ ತಿಳಿಯಬೇಕು. ಗಾಜಿನ ಮೇಲೆ ರೋಲರ್ ಉರುಳುವಾಗ ಸಣ್ಣಗೆ ಚರಚರ ಅನ್ನುತ್ತಿದ್ದರೆ ಸರಿ. ಪಚಪಚ ಸದ್ದು ಬಂದು, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಕಂಡರೆ ಇಂಕು ಜಾಸ್ತಿ, ನವುರು ಗೆರೆಗಳೆಲ್ಲ ತುಂಬಿಹೋಗುತ್ತವೆ. ಒಮ್ಮೆ ದಪ್ಪಗೆ ಹಚ್ಚುವುದಕ್ಕಿಂತ ತೆಳುವಾಗಿ ಐದಾರು ಸಲ, ಪ್ರತಿ ಸಲ ದಿಕ್ಕು ಬದಲಿಸಿ. ಪ್ರೆಸ್ ಸಿಗದಿದ್ದರೆ ಸ್ಟೀಲ್ ಚಮಚದ ಬೆನ್ನು ಸಾಕು, ಆದರೆ ತೆಳು ಕೈಕಾಗದ ಬೇಕು. 300 ಜಿಎಸ್‌ಎಂ ಕಾಗದವನ್ನು ಚಮಚದಿಂದ ಉಜ್ಜಿದರೆ ತೋಳು ನೋಯುತ್ತದೆ, ಚಿತ್ರ ಬರುವುದಿಲ್ಲ. ಎಣ್ಣೆ ಇಂಕು ಮಳೆಗಾಲದಲ್ಲಿ ಒಣಗಲು ವಾರ ಬೇಕು, ಸಬ್ಮಿಷನ್ನಿನ ಹಿಂದಿನ ರಾತ್ರಿ ಪ್ರಿಂಟ್ ತೆಗೆದರೆ ಪಕ್ಕದ ಹಾಳೆಗೆಲ್ಲ ಮಸಿ.

ಕನ್ನಡ ಅಕ್ಷರ ಕೆತ್ತುವುದಾದರೆ ಇನ್ನೊಂದು ಮಾತು. ತಲೆಕಟ್ಟಿನ ಕೊಕ್ಕೆ ಬಲಕ್ಕಿರುವುದು ಲೈನೋ ಮೇಲೆ ಎಡಕ್ಕಿರಬೇಕು, ಒತ್ತಕ್ಷರವೂ ಎಡಕ್ಕೆ ಹೋಗಬೇಕು. ಕಣ್ಣಳತೆಯಲ್ಲಿ ಇದನ್ನು ಮಾಡಲು ಹೋಗಬೇಡ. ಬಟರ್ ಪೇಪರಿನಲ್ಲಿ ಬರೆದು, ಮಗುಚಿ, ಕಾರ್ಬನ್ ಇಟ್ಟು ಇಳಿಸು. ನಂತರ ಕನ್ನಡಿ ಹಿಡಿದು ಓದಿ ನೋಡು. ಒಂದೇ ಹಾಳೆಯನ್ನು ಮತ್ತೆಮತ್ತೆ ಕೆತ್ತಿ ಬಣ್ಣದ ಮೇಲೆ ಬಣ್ಣ ಒತ್ತುವ ರಿಡಕ್ಷನ್ ವಿಧಾನದಲ್ಲಿ ಹಿಂದೆ ಹೋಗುವ ದಾರಿಯೇ ಇಲ್ಲ. ಎರಡನೇ ಬಣ್ಣಕ್ಕೆ ಕೆತ್ತಿದ ಮೇಲೆ ಮೊದಲನೆಯದನ್ನು ಮತ್ತೆ ಒತ್ತಲಾಗದು. ಪ್ರತಿ ಬಣ್ಣಕ್ಕೂ ಒಂದೆರಡು ಹಾಳೆ ಹೊಂದಾಣಿಕೆ ತಪ್ಪಿ ಹಾಳಾಗುತ್ತವೆ, ಹನ್ನೆರಡು ಪ್ರಿಂಟ್ ಬೇಕಿದ್ದರೆ ಹದಿನೆಂಟು ಹಾಳೆಗಳಿಂದ ಶುರು ಮಾಡು. ಕೆಳಗೆ ಪೆನ್ಸಿಲ್‌ನಲ್ಲಿ 4/12 ಅಂತ ಬರೆದರೆ ಒಟ್ಟು ಹನ್ನೆರಡರಲ್ಲಿ ನಾಲ್ಕನೆಯದು ಎಂದರ್ಥ. ನೀನು ಒಂದೇ ಪ್ರಿಂಟ್ ತೆಗೆದು 1/50 ಅಂತ ಬರೆದಿದ್ದೀಯ, ಅದನ್ನು ಅಳಿಸು!

ಮಣ್ಣಿನ ತಲೆ ಸುಡುವಾಗ ಸಿಡಿದದ್ದಕ್ಕೆ ‘ಗಾಳಿಗುಳ್ಳೆ ಕಾರಣ’ ಅಂತ ಬರೆದಿದ್ದೀಯ. ಎಲ್ಲರೂ ಹೀಗೇ ಹೇಳುತ್ತಾರೆ, ಪಾಪ ಗಾಳಿಯ ತಪ್ಪಿಲ್ಲ. ಸಿಡಿಸುವುದು ನೀರು. ಹೊರಗೆ ಒಣಗಿದಂತೆ ಕಂಡರೂ ದಪ್ಪ ಭಾಗದ ಒಳಗೆ ತೇವ ಉಳಿದಿರುತ್ತದೆ. ನೂರು ಡಿಗ್ರಿ ದಾಟಿದಾಗ ಅದು ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಹೊರಹೋಗಲು ದಾರಿ ಸಿಗದೆ ಒಡೆಯುತ್ತದೆ. ಅದಕ್ಕೇ ಗೋಡೆ ಎಲ್ಲೆಡೆ ಒಂದೇ ದಪ್ಪ, ಒಂದರಿಂದ ಒಂದೂವರೆ ಸೆಂಟಿಮೀಟರ್ ಇರಬೇಕು. ತಲೆಯನ್ನು ಮೊದಲು ಗಟ್ಟಿಯಾಗಿ ಮಾಡಿ, ಗಿಣ್ಣಿನ ಹದಕ್ಕೆ ಬಂದಾಗ, ಅಂದರೆ ಉಗುರು ಊರಿದರೆ ಗುರುತು ಬೀಳಬೇಕು ಆದರೆ ಆಕಾರ ಬಾಗಬಾರದು, ಆಗ ತಂತಿಯಿಂದ ನೆತ್ತಿ ಕತ್ತರಿಸಿ ಒಳಗೆ ಕೊರೆಯಬೇಕು. ಮತ್ತೆ ಮುಚ್ಚುವಾಗ ಎರಡೂ ಅಂಚನ್ನು ಗೀಚಿ, ಅದೇ ಮಣ್ಣಿನ ಕೆಸರು ಹಚ್ಚಿ ಒತ್ತಬೇಕು. ಕುತ್ತಿಗೆಯ ಕೆಳಗೆ ತೂತು ತೆರೆದೇ ಇರಲಿ.

ಕಿವಿಯ ಹಿಂದಿನ ಬಿರುಕು ಬೇರೆ ಕಥೆ. ತಲೆ ಅರೆ ಒಣಗಿದ ಮೇಲೆ ಹಸಿ ಮಣ್ಣಿನ ಕಿವಿ ಅಂಟಿಸಿದ್ದೀಯ. ಮಣ್ಣು ಒಣಗಿ ಸುಟ್ಟು ಬರುವಷ್ಟರಲ್ಲಿ ನೂರಕ್ಕೆ ಎಂಟು ಹತ್ತರಷ್ಟು ಕುಗ್ಗುತ್ತದೆ. ತಲೆ ಅದರಲ್ಲಿ ಒಂದಿಷ್ಟು ಕುಗ್ಗಿ ಕುಳಿತಿದೆ, ಕಿವಿ ಇನ್ನೂ ಕುಗ್ಗಬೇಕಿದೆ, ಎಳೆದಾಟದಲ್ಲಿ ಸೀಳು ಬಂತು. ಅಂಟಿಸುವ ಎರಡೂ ಒಂದೇ ಹದದಲ್ಲಿರಬೇಕು. ಕಿವಿ, ಮೂಗಿನ ತುದಿಯಂಥ ತೆಳು ಭಾಗಗಳು ಬೇಗ ಒಣಗುವುದರಿಂದ ಅವಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿ, ಇಡೀ ತಲೆಗೆ ಪ್ಲಾಸ್ಟಿಕ್ ಹೊದಿಸಿ ಹತ್ತು ಹದಿನೈದು ದಿನ ಬಿಡು. ಹೆಂಚಿನ ಚೂರು ಕುಟ್ಟಿ ಜರಡಿ ಹಿಡಿದ ಪುಡಿಯನ್ನು ಮಣ್ಣಿಗೆ ಐದಕ್ಕೆ ಒಂದರಂತೆ ಕಲಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ, ಆವಿಗೂ ದಾರಿ ಸಿಗುತ್ತದೆ. ಸುಡುವ ಮುಂಚೆ ಕೆನ್ನೆಗೆ ಒತ್ತಿ ನೋಡು (ನಿನ್ನ ಕೆನ್ನೆಗೆ). ತಣ್ಣಗೆ ಹತ್ತಿದರೆ ಒಳಗೆ ನೀರಿದೆ. ಭಟ್ಟಿಯಲ್ಲಿ 120 ಡಿಗ್ರಿ ದಾಟಲು ಮೂರು ನಾಲ್ಕು ಗಂಟೆಯಾದರೂ ಕೊಡಬೇಕು. 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಒಮ್ಮೆಲೇ ಹಿಗ್ಗುತ್ತವೆ, ತಣಿಯುವಾಗ ಅಲ್ಲೇ ಕುಗ್ಗುತ್ತವೆ, ಆದ್ದರಿಂದ ಅಲ್ಲೂ ಆತುರ ಬೇಡ. ಟೆರಾಕೋಟಾಕ್ಕೆ 900ರಿಂದ 1000 ಡಿಗ್ರಿ ಸಾಕು. ಒಳಗೆ ಕಬ್ಬಿಣದ ಕಂಬಿ ಇಟ್ಟು ಕಟ್ಟಿದ್ದನ್ನು ಮಾತ್ರ ಸುಡಲು ಕೊಡಬೇಡ. ಕಂಬಿ ಕುಗ್ಗುವುದಿಲ್ಲ, ಮಣ್ಣು ಕುಗ್ಗುತ್ತದೆ. ಕಂಬಿ ಬೇಕೇ ಬೇಕಾದ ಆಕೃತಿಯಾದರೆ ಮಣ್ಣಿನಿಂದ ಪಿಒಪಿಗೆ ಇಳಿಸಬೇಕು.

ಪಿಒಪಿಗೆ ಕೆಲಸದ ಗಡುವು ಹತ್ತು ಹದಿನೈದು ನಿಮಿಷ. ಮೊದಲು ನೀರು, ಆಮೇಲೆ ಪುಡಿ, ಇದು ತಿರುಗಬಾರದು. ಒಂದು ಲೀಟರ್ ನೀರಿಗೆ ಸುಮಾರು 1.4 ಕೆಜಿ ಪುಡಿ. ತೂಕದ ತಕ್ಕಡಿ ಇಲ್ಲದಿದ್ದರೆ, ರಂಗೋಲಿ ಬಿಟ್ಟ ಹಾಗೆ ಬೆರಳ ಸಂದಿಯಿಂದ ಉದುರಿಸುತ್ತಾ ಹೋಗು. ನೀರಿನ ಮೇಲೆ ಒಣ ದಿಬ್ಬಗಳು ನಿಲ್ಲಲು ಶುರುವಾದಾಗ ಸಾಕು. ಕಲಕದೆ ಒಂದೆರಡು ನಿಮಿಷ ಬಿಡು, ಪುಡಿ ನೀರು ಕುಡಿಯಲಿ. ನಂತರ ಕೈಯನ್ನು ತಳದಲ್ಲೇ ಇಟ್ಟು ಮೆಲ್ಲಗೆ ಆಡಿಸು, ಮೇಲೆ ನೊರೆ ಏಳಬಾರದು. ಗಟ್ಟಿ ಮಜ್ಜಿಗೆಯ ಹದದಲ್ಲಿ ಸುರಿ. ಮೊಸರಾಗತೊಡಗಿದ ಮೇಲೆ ನೀರು ಬೆರೆಸಿ ತೆಳು ಮಾಡಿದರೆ ಅದು ಸತ್ತ ಪಿಒಪಿ, ಗಟ್ಟಿಯಾದಂತೆ ಕಂಡರೂ ಉಗುರಿನಲ್ಲಿ ಕೆರೆದರೆ ಉದುರುತ್ತದೆ.

ನಿನ್ನ ಎರಡನೇ ಬಕೆಟ್ ಯಾಕೆ ಮೂರೇ ನಿಮಿಷದಲ್ಲಿ ಕಲ್ಲಾಯಿತು ಅಂತ ಕೇಳಿದ್ದೀಯ. ಮೊದಲನೆಯದರ ಚೂರುಗಳು ಅಂಟಿದ್ದ ಬಕೆಟ್ಟಿನಲ್ಲೇ ಕಲಸಿರಬೇಕು. ಗಟ್ಟಿಯಾದ ಚೂರುಗಳು ಹಾಲಿಗೆ ಹೆಪ್ಪು ಬಿದ್ದ ಹಾಗೆ ಕೆಲಸ ಮಾಡುತ್ತವೆ, ಹೊಸ ಹರಳುಗಳು ಅವಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಬಿಸಿನೀರು, ಉಪ್ಪು ಕೂಡ ಬೇಗ ಮಾಡುತ್ತವೆ. ಇನ್ನು ಅಚ್ಚು ಒಡೆಯುವಾಗ ಮೂಗೂ ಒಡೆದದ್ದಕ್ಕೆ ಹಳೇ ಉಪಾಯವೊಂದಿದೆ. ವೇಸ್ಟ್ ಮೋಲ್ಡಿನ (ಒಮ್ಮೆ ಎರಕ ಹೊಯ್ದು ಒಡೆದುಹಾಕುವ ಅಚ್ಚಿನ) ಮೊದಲ ತೆಳು ಪದರಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸು, ಹೊರಪದರ ಬಿಳಿಯೇ ಇರಲಿ. ಉಳಿಯಲ್ಲಿ ಒಡೆಯುತ್ತಾ ಬಂದಾಗ ನೀಲಿ ಕಂಡರೆ ಒಳಗಿನ ಆಕೃತಿ ಐದು ಮಿಲಿಮೀಟರ್ ದೂರದಲ್ಲಿದೆ ಅಂತ ಗೊತ್ತಾಗುತ್ತದೆ, ಕೈ ತಾನಾಗಿ ಹಗುರವಾಗುತ್ತದೆ. ಎರಕ ಹೊಯ್ಯುವ ಮುಂಚೆ ಅಚ್ಚಿನೊಳಗೆ ಸೋಪಿನ ಗಟ್ಟಿ ನೀರನ್ನು ಎರಡು ಮೂರು ಸಲ ಹಚ್ಚಿ ಒರೆಸು. ಅಂಗೈಯ ಅಚ್ಚು ತೆಗೆಯಲು ಕೈಯನ್ನೇ ಪಿಒಪಿಯಲ್ಲಿ ಹೂಳುವ ಆಟ ಬೇಡವೇ ಬೇಡ. ಗಟ್ಟಿಯಾಗುವಾಗ ಅದು ಸುಡುವಷ್ಟು ಬಿಸಿಯಾಗುತ್ತದೆ, ಕೈ ಹೊರಗೆ ಬರುವುದೂ ಇಲ್ಲ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡ.

ಪಿಒಪಿ ಅಂದರೆ ಗಣಪತಿ ಮೂರ್ತಿ, ಮನೆಯ ಫಾಲ್ಸ್ ಸೀಲಿಂಗ್ ಅಂತ ನಿನಗೆ ಸ್ವಲ್ಪ ತಾತ್ಸಾರ ಇದ್ದಂತಿದೆ. ಕೆ. ವೆಂಕಟಪ್ಪನವರು (1886–1965) ಊಟಿಯ ಮೋಡಗಳನ್ನು ಜಲವರ್ಣದಲ್ಲಿ ಹಿಡಿದವರು, ಪಿಒಪಿಯ ಉಬ್ಬುಶಿಲ್ಪಗಳನ್ನೂ ಅವರೇ ಮಾಡಿದ್ದಾರೆ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಎರಡೂ ಇವೆ. ಒಬ್ಬನೇ ಮನುಷ್ಯ ಎರಡು ಹದಗಳನ್ನು ಹೇಗೆ ನಿಭಾಯಿಸಿದ ಅನ್ನುವುದಕ್ಕೆ ಅಕ್ಕಪಕ್ಕ ಇಟ್ಟು ನೋಡುವಂಥವು. ಉಬ್ಬುಶಿಲ್ಪದ ಕಷ್ಟ ಇಷ್ಟೇ: ಆಳ ಎರಡೇ ಬೆರಳಿನಷ್ಟಿದ್ದರೂ ನೆರಳು ಬೀಳಬೇಕು. ಪಕ್ಕದಿಂದ ಟಾರ್ಚ್ ಹಾಕಿ ನೋಡುತ್ತಾ ಕೆಲಸ ಮಾಡು.

ಕೊಲಾಜ್ ಬಾಗಿದ್ದಕ್ಕೆ ಫೆವಿಕಾಲ್ ಕಾರಣವಲ್ಲ. ಅಂಟಿನ ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಬೋರ್ಡನ್ನು ತನ್ನ ಕಡೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ಅಳತೆಯ ಬರೀ ಕಾಗದವನ್ನು ಅದೇ ಹೊತ್ತಿಗೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಬಟರ್ ಪೇಪರ್ ಹಾಕಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡು. ದಿನಪತ್ರಿಕೆಯ ತುಂಡುಗಳು ಹಳದಿಯಾಗುವುದನ್ನು ತಡೆಯಲಾಗದು, ಅದರ ನಾರಿನಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬಿಸಿಲಿಗೆ ಹಾಗಾಗುತ್ತದೆ. ಉಳಿಯಬೇಕಾದ ಕೆಲಸಕ್ಕೆ ಪತ್ರಿಕೆಯ ಜೆರಾಕ್ಸ್ ಪ್ರತಿ ಅಂಟಿಸು.

ಮುಂದಿನ ಸೆಮಿಸ್ಟರಿಗೆ ಎಚಿಂಗ್ (ಲೋಹದ ತಗಡನ್ನು ಆಸಿಡ್ಡಿನಲ್ಲಿ ಕೊರೆಸಿ ಪ್ರಿಂಟ್ ತೆಗೆಯುವುದು) ತಗೊಳ್ಳಲೋ ಲೋಹದ ಕೆಲಸ ತಗೊಳ್ಳಲೋ ಅಂತ ಕೇಳಿದ್ದೀಯ. ಎರಡರಲ್ಲೂ ನಿನ್ನ ಎದುರಿಗೆ ಬರುವುದು ಸತುವೇ. ಎಚಿಂಗಿನಲ್ಲಿ ಸತುವಿನ ತಗಡಿಗೆ ಮೇಣ ಹಚ್ಚಿ, ಸೂಜಿಯಿಂದ ಗೀರಿ, ಒಂದಕ್ಕೆ ಹತ್ತರಂತೆ ತೆಳುಗೊಳಿಸಿದ ನೈಟ್ರಿಕ್ ಆಸಿಡ್ಡಿನಲ್ಲಿ ಮುಳುಗಿಸುತ್ತಾರೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಗೆರೆಗಳ ಮೇಲೆ ಕೂರುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರುತ್ತಿರಬೇಕು, ಇಲ್ಲದಿದ್ದರೆ ಅಲ್ಲಲ್ಲಿ ಆಸಿಡ್ ತಾಗದೆ ಗೆರೆ ತುಂಡಾಗುತ್ತದೆ. ಲೋಹದ ಕೆಲಸ ಅಂದರೆ ಇಲ್ಲಿ ಬಿದರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆ. ಅದರಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು ನಯ ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀರಿದ ಚಿತ್ರ ಕಣ್ಣಿಗೆ ಕಾಣಲಿ ಅಂತ. (ಅಡಿಕೆಗೆ ಹೊಡೆಯುವ ಮದ್ದಿನ ಅದೇ ಮೈಲುತುತ್ತ.) ಬೆಳ್ಳಿ ತಂತಿ ಕೂರಿಸಿ, ಉಜ್ಜಿದಾಗ ಆ ಕಪ್ಪು ಹೊರಟುಹೋಗುತ್ತದೆ. ಕೊನೆಯ ಕಪ್ಪು ಬರುವುದು ಬೀದರ ಕೋಟೆಯ ಮಣ್ಣು ಮತ್ತು ನವಸಾಗರದಿಂದ (ಅಮೋನಿಯಂ ಕ್ಲೋರೈಡ್). ಅದು ಸತುವಿನ ಮಿಶ್ರಲೋಹಕ್ಕೆ ಹಿಡಿಯುತ್ತದೆ, ಬೆಳ್ಳಿಗೆ ಹಿಡಿಯುವುದಿಲ್ಲ. ಎಚಿಂಗ್ ತಗೊಂಡರೆ ನಾಲ್ಕು ತಿಂಗಳಲ್ಲಿ ಕೈಗೆ ಏನಾದರೂ ಹತ್ತುತ್ತದೆ. ಬಿದರಿ ಕೆತ್ತನೆಯ ಕೈ ಅಷ್ಟರಲ್ಲಿ ಕೂರುವಂಥದ್ದಲ್ಲ. ಹಾಗಾಗಿ ಈಗ ಎಚಿಂಗ್ ತಗೋ, ಬೀದರಿಗೆ ರಜೆಯಲ್ಲಿ ಹೋಗಿ ನೋಡಿ ಬಾ.

ತೈಲವರ್ಣದ ಬಗ್ಗೆ ನೀನೇನೂ ಕೇಳಿಲ್ಲ, ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ತಂತಿಗೆ ಹಾಕು, ಇಲ್ಲವೇ ನೀರಿರುವ ಡಬ್ಬಕ್ಕೆ.

ಟಿಪ್ಪಣಿಗೆ ಮತ್ತೆ ಬರುತ್ತೇನೆ. ಪ್ರತಿ ಕೆಲಸಕ್ಕೆ ಐದಾರು ಸಾಲು ಸಾಕು. ಹೆಸರು, ಮಾಧ್ಯಮ, ಎತ್ತರ ಮೊದಲು ಅಗಲ ಆಮೇಲೆ ಬರುವಂತೆ ಅಳತೆ, ವರ್ಷ. ನಂತರ ಸರಕು ಯಾವುದು, ಹವೆ ಹೇಗಿತ್ತು, ಎಷ್ಟು ಹೊತ್ತು ಹಿಡಿಯಿತು, ಯಾವ ಹಂತದಲ್ಲಿ ಎಡವಿತು. ಜಲವರ್ಣದ್ದು ಹೀಗಿರಲಿ: ‘200 ಜಿಎಸ್‌ಎಂ ಕಾಗದ, ಬಿಗಿ ಮಾಡಿರಲಿಲ್ಲ. ಮಳೆಯ ದಿನ. ಆಕಾಶದ ಹೊಳಪು ಹೋದ ಮೇಲೆ ಮೋಡದ ಬಣ್ಣ ಮುಟ್ಟಿಸಿದ್ದರಿಂದ ಬಲ ಮೂಲೆಯಲ್ಲಿ ಅಂಚು ಎದ್ದಿದೆ.’ ಕೆಟ್ಟ ಪ್ರಿಂಟನ್ನೂ ಒಳ್ಳೆಯದರ ಪಕ್ಕದಲ್ಲೇ ಹಾಕು. ಚಿತ್ರಗಳ ಫೋಟೊವನ್ನು ಬಿಸಿಲಲ್ಲಿ ಬೇಡ, ಜಗಲಿಯ ನೆರಳಲ್ಲಿ ಕ್ಯಾಮೆರಾ ಹಾಳೆಗೆ ನೇರವಾಗಿರುವಂತೆ ತೆಗೆ. ತಲೆ ಮತ್ತು ಉಬ್ಬುಶಿಲ್ಪಕ್ಕೆ ಒಂದೇ ಕಡೆಯಿಂದ ಕಿಟಕಿ ಬೆಳಕು, ಎದುರು ಬದಿಗೆ ಒಂದು ಬಿಳಿ ಥರ್ಮಕೋಲ್ ಹಾಳೆ. ಫ್ಲ್ಯಾಶ್ ಹಾಕಿದರೆ ಉಬ್ಬೆಲ್ಲ ಚಪ್ಪಟೆ.

ತಲೆಯನ್ನು ಮತ್ತೆ ಮಾಡುವುದಾದರೆ ಇವತ್ತೇ ಮಣ್ಣು ಕಲಸು, ಅದಕ್ಕೆ ಮೂರು ವಾರ ಬೇಕು. ಅದು ಪ್ಲಾಸ್ಟಿಕ್ಕಿನೊಳಗೆ ಒಣಗುತ್ತಿರುವಾಗ ಲೈನೋ ಕೆತ್ತಿ ಪ್ರಿಂಟ್ ತೆಗೆದಿಡು. ಪ್ರಿಂಟ್ ಒಣಗುವ ವಾರದಲ್ಲಿ ಪಿಒಪಿ. ಜಲವರ್ಣವನ್ನು ಕೊನೆಗಿಟ್ಟುಕೊ, ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಚೌಕಟ್ಟಿಗೆ ಹೋಗಬಹುದಾದದ್ದು ಅದೊಂದೇ. ಮತ್ತೆ ಆ ಲೈನೋದ ಒಂದು ಪ್ರತಿ ನನಗೂ ಅಂಚೆಯಲ್ಲಿ ಕಳಿಸು, ಇಂಕು ಒಣಗಿದ ಮೇಲೆ.

ನಿನ್ನ,
ಗೆಳೆಯ